ದ್ವಾರಂ ವೆಂಕಟಸ್ವಾಮಿ ನಾಯ್ಡು

1893–1964. ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸರು. ವಿಜಯನಗರಂ ಮಹಾರಾಜಾ ಸಂಗೀತ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಮುಂದೆ ಪ್ರಾಂಶುಪಾಲರು. ಗಾಯಕರ ಬದಿಯಲ್ಲಿ ಕೂತು ನುಡಿಯುತ್ತಿದ್ದ ಪಿಟೀಲಿಗೆ ತನ್ನದೇ ಕಚೇರಿ ನಡೆಸುವ ಸ್ಥಾನ ದೊರಕಿಸಿಕೊಟ್ಟವರಲ್ಲಿ ಮುಖ್ಯರು.

ಆಂಧ್ರದ ಕಲಾವಿದರೆಂದೇ ಎಲ್ಲರೂ ಎಣಿಸುವ ದ್ವಾರಂ ಹುಟ್ಟಿದ್ದು ಬೆಂಗಳೂರಿನಲ್ಲಿ, 1893ರ ನವೆಂಬರ್ 8ರಂದು, ದೀಪಾವಳಿಯ ದಿನ. ತಂದೆ ಸೈನ್ಯದ ನೌಕರಿಯಲ್ಲಿದ್ದವರು. ಮುಂದೆ ಮನೆಯವರು ವಿಶಾಖಪಟ್ಟಣಕ್ಕೆ ಹೋಗಿ ನೆಲೆಸಿದ್ದರಿಂದ ಹುಡುಗ ಬೆಳೆದದ್ದು ಅಲ್ಲಿ. ಮೊದಲ ಗುರು ಅಣ್ಣ ವೆಂಕಟಕೃಷ್ಣಯ್ಯ. ಕಣ್ಣಿನ ದೃಷ್ಟಿ ಚಿಕ್ಕಂದಿನಿಂದಲೇ ಮಂದ. ಶಾಲೆಯ ಓದು ಹೆಚ್ಚು ದೂರ ಸಾಗಲಿಲ್ಲ. ಕಿವಿ ಮಾತ್ರ ಬಲು ಚುರುಕು.

ಅವರ ಬದುಕಿನ ತಿರುವು 1919ರಲ್ಲಿ ಬಂತು. ವಿಜಯನಗರಂ ಎಂದರೆ ಇಲ್ಲಿ ಹಂಪಿಯ ವಿಜಯನಗರವಲ್ಲ, ಆಂಧ್ರದ ಉತ್ತರ ಕರಾವಳಿಗೆ ಸಮೀಪದ ಸಂಸ್ಥಾನ. ಅಲ್ಲಿನ ದೊರೆ ಆ ವರ್ಷ ಸಂಗೀತ ಕಾಲೇಜೊಂದನ್ನು ತೆರೆದರು. ಹರಿಕಥೆಯ ಪಿತಾಮಹರೆನಿಸಿದ ಆದಿಭಟ್ಲ ನಾರಾಯಣದಾಸರು ಅದರ ಮೊದಲ ಪ್ರಾಂಶುಪಾಲರು. ಇಪ್ಪತ್ತಾರರ ಪ್ರಾಯದ ದ್ವಾರಂ ವಿದ್ಯಾರ್ಥಿಯಾಗಿ ಸೇರಿಕೊಳ್ಳಲೆಂದು ಹೋದವರು. ಅವರ ವಾದನ ಕೇಳಿದ ಹಿರಿಯರು ಅವರನ್ನು ಪಿಟೀಲು ಪ್ರಾಧ್ಯಾಪಕರನ್ನಾಗಿಯೇ ನೇಮಿಸಿಕೊಂಡರು. 1936ರಲ್ಲಿ ನಾರಾಯಣದಾಸರ ನಂತರ ಪ್ರಾಂಶುಪಾಲ ಹುದ್ದೆಯೂ ಅವರಿಗೇ ಬಂತು. 1953ರವರೆಗೆ ಆ ಹೊಣೆ ಹೊತ್ತರು.

ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ನೀರು ಹೊತ್ತು, ಸೇವೆ ಮಾಡಿ ಕಲಿಯುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಸಂಬಳ, ತರಗತಿ, ಪರೀಕ್ಷೆಗಳಿರುವ ಸಂಗೀತ ಶಾಲೆ ದಕ್ಷಿಣಕ್ಕೆ ಹೊಸದು. ಯೂರೋಪಿನಲ್ಲಿ ಇಂಥ ನೌಕರಿ ಹಳೆಯದು. ಅಲ್ಲಿ ಬರೋಕ್ ಎನ್ನಲಾಗುವ ಹಳೆಯ ಸಂಗೀತಯುಗದ ಹೆಸರಾಂತ ಪಿಟೀಲುಗಾರ ವಿವಾಲ್ಡಿ 1703ರಲ್ಲೇ ವೆನಿಸ್ಸಿನ ಪಿಯೆಟಾ ಅನಾಥಾಲಯದಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸುವ ಮೇಷ್ಟರಾಗಿದ್ದ. ದ್ವಾರಂ ಅವರ ಸಾಧನೆಯಲ್ಲಿ ವಿಜಯನಗರಂ ಕಾಲೇಜಿನ ಪಾಲು ದೊಡ್ಡದು. ಪಕ್ಕವಾದ್ಯದವನ ಹೊಟ್ಟೆಪಾಡು ಗಾಯಕನ ಕರೆಯನ್ನೇ ನಂಬಿಕೊಂಡಿರುತ್ತದೆ. ತಿಂಗಳ ಸಂಬಳವಿದ್ದವನು ಆ ಹಂಗಿನಿಂದ ಹೊರಗಿದ್ದು, ವಾದ್ಯ ತಾನಾಗಿ ಏನು ಹೇಳಬಲ್ಲದು ಎಂದು ಹುಡುಕುತ್ತ ಕೂರಬಹುದು. ದ್ವಾರಂ ಮಾಡಿದ್ದು ಅದನ್ನೇ.

ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು ಮದರಾಸಿನ ಯೂರೋಪಿಯನ್ನರ ಮೂಲಕ. ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858). ಆಗಿನ್ನೂ ಯೂರೋಪಿನಲ್ಲೂ ಬರೋಕ್ ಕಾಲದ ರೂಢಿಗಳು ಪೂರ್ತಿ ಮರೆಯಾಗಿರಲಿಲ್ಲ: ತಂತಿ ಪ್ರಾಣಿಯ ಕರುಳಿನದು, ಗದ್ದ ಊರುವ ಪಟ್ಟಿ ಬಂದದ್ದೇ 1820ರ ಸುಮಾರಿಗೆ. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ಸುರುಳಿಯನ್ನು ಬಲಗಾಲ ಹರಡಿನ ಮೇಲಿಟ್ಟು, ಇನ್ನೊಂದು ಕೊನೆಯನ್ನು ಎದೆಗಾನಿಸಿದರು. ಇದರಿಂದ ವಾದ್ಯ ಎರಡು ಕಡೆ ಭದ್ರವಾಗಿ ನಿಂತು, ಎಡಗೈ ಗಮಕಕ್ಕಾಗಿ ತಂತಿಯ ಮೇಲೆ ಸಲೀಸಾಗಿ ಜಾರುವಂತಾಯಿತು. ಶ್ರುತಿಯನ್ನೂ ಬದಲಿಸಿಕೊಂಡರು. ಯೂರೋಪಿನಲ್ಲಿ ನಾಲ್ಕೂ ತಂತಿಗಳ ನಡುವೆ ಷಡ್ಜ-ಪಂಚಮದ ಅಂತರವಿದ್ದರೆ, ಇಲ್ಲಿ ಸ-ಪ-ಸ-ಪ.

ದ್ವಾರಂ ಈ ಕೂರುವ ಕ್ರಮವನ್ನಾಗಲಿ ಶ್ರುತಿಯನ್ನಾಗಲಿ ಬಿಡಲಿಲ್ಲ. ಪಶ್ಚಿಮದ ಪಿಟೀಲುಗಾರರನ್ನು ಅವರು ಗಮನವಿಟ್ಟು ಕೇಳಿದ್ದರು. ಅಲ್ಲಿಂದ ಪಡೆದದ್ದು ನಾದದ ಎಚ್ಚರ, ಅದರಲ್ಲೂ ಕಮಾನಿನ ಬಳಕೆ. ಪ್ರತಿ ಸ್ವರಕ್ಕೂ ಕಮಾನನ್ನು ಚಿಕ್ಕದಾಗಿ ಕತ್ತರಿಸಿ ಎಳೆಯುವ ಬದಲು ಹಿಡಿಯಿಂದ ತುದಿಯವರೆಗೆ ಉದ್ದಕ್ಕೂ ಎಳೆದು, ಒಂದೇ ಎಳೆತದೊಳಗೆ ಸಂಗತಿಯೊಂದನ್ನು ಮುಗಿಸುವುದು. ತಂತಿಯ ಮೇಲಿನ ಒತ್ತಡ ಹೆಚ್ಚಿಸಿ ಇಳಿಸಿ ನಾದವನ್ನು ಹಿಗ್ಗಿಸಿ ಕುಗ್ಗಿಸುವುದು. ಬಲಗೈಗೆ ಇದು ಕಷ್ಟದ ಕೆಲಸ. ಕಮಾನು ತಂತಿಗಳನ್ನು ಹೊತ್ತ ಕುದುರೆಗೆ ಸಮಾನಾಂತರವಾಗಿ ಸಾಗದೆ ಓರೆಯಾದರೆ ಸ್ವರ ಕೀರಲಾಗುತ್ತದೆ. ಅವರ ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವ ಮೆದು, ದುಂಡಗಿನ ನಾದದ ಹಿಂದೆ ಇರುವುದು ಈ ಸಾಧನೆ.

ಕನ್ನಡಿಗರಿಗೆ ಇಲ್ಲಿ ಮೈಸೂರು ಟಿ. ಚೌಡಯ್ಯನವರ (1895–1967) ನೆನಪಾಗುವುದು ಸಹಜ. ಇಬ್ಬರೂ ಒಂದೇ ತಲೆಮಾರಿನವರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲು ಹಿಂದಿನ ಸಾಲಿನವರಿಗೆ ಕೇಳುತ್ತಿರಲಿಲ್ಲ. ಚೌಡಯ್ಯ ಮೂರು ತಂತಿಗಳನ್ನು ಹೆಚ್ಚಿಗೆ ಹೂಡಿ ಏಳು ತಂತಿಯ ಪಿಟೀಲಿನಿಂದ ತುಂಬು ನಾದ ಹೊರಡಿಸಿದರು. ದ್ವಾರಂ ನಾಲ್ಕೇ ತಂತಿಯಲ್ಲಿದ್ದುಕೊಂಡು ನಾದದ ನಯವನ್ನು ನೆಚ್ಚಿದರು. ಯಾರು ಹೆಚ್ಚು ಎಂಬ ವಾದಕ್ಕೆ ಅರ್ಥವಿಲ್ಲ. ದಕ್ಷಿಣದ ಪಿಟೀಲಿಗೆ ಎರಡೂ ದಾರಿ ಬೇಕಾಗಿದ್ದವು.

1938ರಲ್ಲಿ ವೆಲ್ಲೂರಿನಲ್ಲಿ ದ್ವಾರಂ ಮೊದಲ ತನಿ ಕಚೇರಿ ನಡೆಸಿದರು. ಆಗ ವಯಸ್ಸು ನಲವತ್ತನಾಲ್ಕು. ಸಾಹಿತ್ಯವೇ ಪ್ರಾಣವಾದ ಸಂಗೀತದಲ್ಲಿ, ಮಾತಿಲ್ಲದ ವಾದ್ಯವೊಂದು ಎರಡು ಮೂರು ಗಂಟೆ ಕೇಳುಗರನ್ನು ಹಿಡಿದಿಡುವುದು ಸಣ್ಣ ಸಂಗತಿಯಲ್ಲ. ಕೀರ್ತನೆ ಬಲ್ಲವನಿಗೆ ಅದರ ಪದಗಳು ಕಿವಿಗೆ ಬಿದ್ದಂತೆಯೇ ಆಗಬೇಕು. ಅದಕ್ಕೆ ಎಲ್ಲಿ ಕಮಾನು ತಿರುಗಿಸಬೇಕು, ಎಲ್ಲಿ ತಿರುಗಿಸದೆ ಮುಂದುವರಿಸಬೇಕು ಎಂಬುದನ್ನು ಪದದ ಒಡೆತವೇ ಹೇಳಬೇಕು. ತ್ಯಾಗರಾಜರ ಕೀರ್ತನೆಗಳ ತೆಲುಗು ದ್ವಾರಂ ಅವರಿಗೆ ಮನೆಮಾತೇ ಆಗಿದ್ದದ್ದು ಇಲ್ಲಿ ನೆರವಿಗೆ ಬಂದಿರಬೇಕು.

ಗೌರವಗಳು ಒಂದರ ಹಿಂದೊಂದು ಬಂದವು: ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ 1941ರಲ್ಲಿ, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1953ರಲ್ಲಿ, ಪದ್ಮಶ್ರೀ 1957ರಲ್ಲಿ. ಆಂಧ್ರ ವಿಶ್ವವಿದ್ಯಾಲಯದ ಕಲಾಪ್ರಪೂರ್ಣ ಬಿರುದೂ ಸಂದಿತು. 1952ರಲ್ಲಿ ಭಾರತಕ್ಕೆ ಬಂದಿದ್ದ ಪಶ್ಚಿಮದ ಹೆಸರಾಂತ ಪಿಟೀಲುಗಾರ ಯೆಹೂದಿ ಮೆನುಹಿನ್, ಮದರಾಸಿನಲ್ಲಿ ನ್ಯಾಯಮೂರ್ತಿ ಪಿ. ವಿ. ರಾಜಮನ್ನಾರ್ ಅವರ ಮನೆಯಲ್ಲಿ ದ್ವಾರಂ ವಾದನ ಕೇಳಿ ಮನಸೋತರು. ದ್ವಾರಂ 1964ರ ನವೆಂಬರ್ 25ರಂದು ತೀರಿಕೊಂಡರು. ಜನ್ಮಶತಾಬ್ದಿಯ ವರ್ಷ, 1993ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು.

ಮಗಳು ದ್ವಾರಂ ಮಂಗತಾಯಾರು ತಂದೆಯ ಬಾನಿಯಲ್ಲೇ ಪಿಟೀಲು ನುಡಿಸಿ ಹೆಸರಾದರು. ವಿಜಯನಗರಂ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವನ್ನು ಮನೆತನದ ಇತರರು ಮುಂದುವರಿಸಿದರು. ಕನ್ನಡ ಚಿತ್ರಗೀತೆಗಳ ಕೇಳುಗರಿಗೆ ಚಿರಪರಿಚಿತರಾದ ಪಿ. ಸುಶೀಲಾ ಸಂಗೀತದ ಡಿಪ್ಲೊಮಾ ಪಡೆದದ್ದು ಅದೇ ಕಾಲೇಜಿನಲ್ಲಿ, ದ್ವಾರಂ ಭಾವನಾರಾಯಣರಾವ್ ಅವರ ಶಿಷ್ಯೆಯಾಗಿ.