ಸೂಪರ್‌ಸ್ಯಾಂಪ್ಲಿಂಗ್

ವಿಡಿಯೊ ಗೇಮಿನ ದೃಶ್ಯವನ್ನು ಪರದೆಯ ಅಳತೆಗಿಂತ ದೊಡ್ಡದಾಗಿ ಬಿಡಿಸಿ, ಆಮೇಲೆ ಪರದೆಗೆ ಹೊಂದುವಂತೆ ಕುಗ್ಗಿಸಿ ತೋರಿಸುವ ವಿಧಾನ. 1920×1080ರ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿರುತ್ತವೆ. 3840×2160ರಲ್ಲಿ ಬಿಡಿಸಿದರೆ ಅವು 82,94,400. ನಾಲ್ಕರ ಬಣ್ಣ ಬೆರೆತು ಒಂದಾಗುವುದರಿಂದ ಓರೆ ಅಂಚಿನ ಮೆಟ್ಟಿಲಿನಂಥ ಒರಟು ಕರಗುತ್ತದೆ.

ಹಾವೇರಿಯಲ್ಲಿರುವ ಸಿದ್ಧೇಶ್ವರ ಗುಡಿಯಂಥ ಕಲ್ಯಾಣ ಚಾಲುಕ್ಯ ಕಟ್ಟಡವನ್ನು ಗೇಮಿನೊಳಗೆ ಕಟ್ಟಿದರೆ ಇದರ ಬೆಲೆ ತಿಳಿಯುತ್ತದೆ. ದೂರದಿಂದ ನೋಡುವಾಗ ಶಿಖರದ ಕೆತ್ತನೆಯ ಗೆರೆ ಒಂದು ಪಿಕ್ಸೆಲ್‌ಗಿಂತ ತೆಳುವಾಗುತ್ತದೆ. ಆಟಗಾರ ಒಂದು ಹೆಜ್ಜೆ ಸರಿದರೂ ಸಾಕು, ಕಲ್ಲು ಮಿಣುಕತೊಡಗುತ್ತದೆ. ಸೂಪರ್‌ಸ್ಯಾಂಪ್ಲಿಂಗ್‌ನಲ್ಲಿ ಆ ಮಿಣುಕು ಬಹುಮಟ್ಟಿಗೆ ಅಡಗಿ, ಕಲ್ಲು ಕಲ್ಲಾಗಿಯೇ ನಿಲ್ಲುತ್ತದೆ. ಅಂಚು ತಿದ್ದುವ ಅಗ್ಗದ ಉಪಾಯಗಳಲ್ಲಿ ಇಷ್ಟು ಸ್ವಚ್ಛ ಚಿತ್ರ ಸಿಗುವುದು ಅಪರೂಪ.

ಎನ್‌ವಿಡಿಯಾದ ಡಿಎಸ್ಆರ್, ಎಎಂಡಿಯ ವಿಎಸ್ಆರ್ ಎರಡೂ 2014ರಲ್ಲಿ ಬಂದು ಈ ಸೌಲಭ್ಯವನ್ನು ಗ್ರಾಫಿಕ್ಸ್ ಕಾರ್ಡಿನ ಡ್ರೈವರಿಗೇ ತಂದವು. ಬೇಕಾದ ರೆಸಲ್ಯೂಷನ್ನನ್ನು ನಾವೇ ಬರೆದು ಸೇರಿಸುವ ಕಸ್ಟಮ್ ರೆಸಲ್ಯೂಷನ್ ಇನ್ನೊಂದು ದಾರಿ. ಮಾನಿಟರ್ ಒಪ್ಪದಿದ್ದರೆ ಪರದೆ ಕಪ್ಪಾಗುತ್ತದೆ. ಕೆಲವು ಆಟಗಳಲ್ಲಿ ಮೆನುವಿನ ಅಕ್ಷರಗಳೂ ಓದಲಾಗದಷ್ಟು ಚಿಕ್ಕವಾಗುವುದುಂಟು.

ಗ್ರಾಫಿಕ್ಸ್ ಕಾರ್ಡಿಗೆ ಹೊರೆ ದೊಡ್ಡದು. ಹೊಸ ಆಟಕ್ಕಿಂತ, ಕಾರ್ಡಿಗೆ ಹಗುರವೆನಿಸುವ ಹಳೆಯ ಆಟದಲ್ಲಿ ಮೊದಲು ಪ್ರಯತ್ನಿಸಿ ನೋಡುವುದು ಒಳ್ಳೆಯದು.