‘ಗ್ಯಾಸ್ಟ್ರಿಕ್’ ಎಂಬ ಪದ ಮತ್ತು ಹೊಟ್ಟೆಯಲ್ಲುಳಿದ ಗಾಳಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಆಡುಮಾತಿನಲ್ಲಿ ‘ಗ್ಯಾಸ್ಟ್ರಿಕ್’ ರೋಗದ ಹೆಸರೂ ಹೌದು, ಅದರ ಕಾರಣವೂ ಹೌದು. ಎದೆ ಉರಿದರೂ ಅದೇ, ಬೆನ್ನು ಹಿಡಿದರೂ ಅದೇ. ಮಕ್ಕಳಾಗದ ಆಪರೇಷನ್ನಿಗೋ ಪಿತ್ತಕೋಶದ ಕಲ್ಲಿಗೋ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಶಸ್ತ್ರಕ್ರಿಯೆ) ಮಾಡಿಸಿಕೊಂಡು ಬಂದವಳು ಮರುದಿನ ‘ಭುಜ ಹಿಡ್ಕೊಂಡೈತೆ’ ಎಂದರೆ ಓಮಿನ ಕಷಾಯ ಬರುತ್ತದೆ.  ಪದ ಪೂರ್ತಿ ಸುಳ್ಳಲ್ಲ. ಗಾಳಿ ಇದೆ, ಆದರೆ ಕಷಾಯ ಇಳಿಯುವ ದಾರಿಯಲ್ಲಿಲ್ಲ.

ಅದಿರುವುದು ಕರುಳಿನ ಹೊರಗೆ, ಉದರಪೊರೆಯ ಒಳಗಿನ ಅವಕಾಶದಲ್ಲಿ. ಉಪಕರಣ ಆಡಿಸಲು ಜಾಗವಾಗಲೆಂದು ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಕೊನೆಗೆ ತೂತುಗಳಿಂದ ಹೊರಬಿಟ್ಟರೂ ಸ್ವಲ್ಪ ಉಳಿಯುತ್ತದೆ. ರೋಗಿ ಎದ್ದು ಕೂತಾಗ ಅದು ಮೇಲೇರಿ ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕೆಳಗೆ ಸೇರುತ್ತದೆ. ವಪೆಯ ನರ ಹುಟ್ಟುವುದು ಕತ್ತಿನ 3, 4, 5ನೇ ನರಬೇರುಗಳಲ್ಲಿ. ಭುಜದ ಚರ್ಮದ ಸಂವೇದನೆಯೂ ಅಲ್ಲಿಗೇ ಬಂದು ಸೇರುತ್ತದೆ. ಹಾಗಾಗಿ ಕೆರಳಿದ್ದು ವಪೆ, ನೋಯುವುದು ಭುಜ. ಮಲಗಿದರೆ ಎಷ್ಟೋ ಜನರಿಗೆ ಹಗುರಾಗುವುದೂ ಇದಕ್ಕೇ.

ಈ ಅನಿಲವನ್ನೇ ಆರಿಸಿದ್ದಕ್ಕೆ ಕಾರಣವಿದೆ: ಅದು ಉರಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನೊಡನೆ ಹೊರಹೋಗುತ್ತದೆ. 2014ರಲ್ಲಿ ಒಡಿಶಾದ ಅಂಗುಲ್ ಜಿಲ್ಲೆಯಲ್ಲಿ ಮಕ್ಕಳಾಗದ ಆಪರೇಷನ್ನಿನ ಶಿಬಿರವೊಂದರಲ್ಲಿ ಸೈಕಲ್ ಪಂಪಿನಿಂದ ಹೆಂಗಸರ ಹೊಟ್ಟೆಗೆ ಗಾಳಿ ಹೊಡೆದದ್ದು ದೇಶಕ್ಕೆಲ್ಲ ಗೊತ್ತಾಯಿತು. ಅಸಹ್ಯ ಒಂದು ಕಡೆಗಿರಲಿ, ಶರೀರಶಾಸ್ತ್ರದ ದೃಷ್ಟಿಯಿಂದಲೂ ಅದು ಅಪಾಯ: ಗಾಳಿಯ ಬಹುಪಾಲು ಸಾರಜನಕ, ರಕ್ತದಲ್ಲಿ ಸುಲಭವಾಗಿ ಕರಗದು, ಹೊಟ್ಟೆಯಲ್ಲೂ ಹೆಚ್ಚು ದಿನ ನಿಲ್ಲುತ್ತದೆ, ರಕ್ತನಾಳ ಹೊಕ್ಕರೆ ಪ್ರಾಣಕ್ಕೇ ಕುತ್ತು.

ನನ್ನ ವಾದ ಕಷಾಯದ ವಿರುದ್ಧವಲ್ಲ, ಬೇರೆ ಬೇರೆ ನೋವಿಗೆ ಒಂದೇ ಹೆಸರಿಡುವುದರ ವಿರುದ್ಧ. ಉಳಿದ ಅನಿಲದ ನೋವು ದಿನದಿನಕ್ಕೆ ಇಳಿಯುತ್ತದೆ. ಹೆಚ್ಚಿನವರಲ್ಲಿ ಮೂರು ದಿನದೊಳಗೆ, ಬಹುತೇಕ ಎಲ್ಲರಲ್ಲೂ ವಾರದೊಳಗೆ ಅನಿಲ ಹೀರಿಹೋಗುತ್ತದೆ. ಶಸ್ತ್ರಕ್ರಿಯೆಯಲ್ಲಿ ಕರುಳಿಗೆ ಗಾಯವಾಗಿದ್ದರೆ ಕಥೆ ಉಲ್ಟಾ: ನೋವು ಏರುತ್ತದೆ, ಜ್ವರ ಬರುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ವಾಂತಿಯಾಗುತ್ತದೆ. ಉಪಕರಣದ ಬಿಸಿಯಿಂದ ಸುಟ್ಟ ಗಾಯವಾದರೆ ಕೆಲವು ದಿನ ಸುಳಿವೇ ಕೊಡದಿರಬಹುದು. ಅಷ್ಟರಲ್ಲಿ ಅವಳು ಊರು ಸೇರಿರುತ್ತಾಳೆ, ಆಪರೇಷನ್ನಿಗೆ ತುಂಬಿದ ಗಾಳಿಗೂ ತೂತಾದ ಕರುಳಿನ ಗಾಳಿಗೂ ಮನೆಯವರ ಬಾಯಲ್ಲಿ ಒಂದೇ ಹೆಸರು. ಎಕ್ಸ್‌ರೇಯೂ ಮೊದಲ ದಿನಗಳಲ್ಲಿ ಪೂರ್ತಿ ನೆರವಾಗದು. ವಪೆಯ ಕೆಳಗಿನ ಕಪ್ಪು ಗೆರೆ ತುಂಬಿದ ಅನಿಲದ್ದೋ ತೂತಾದ ಕರುಳಿನದೋ ಎಂದು ಚಿತ್ರವೊಂದೇ ಹೇಳಲಾರದು. ಅದಕ್ಕೇ ಡಿಸ್ಚಾರ್ಜ್ ಚೀಟಿಯಲ್ಲಿ ‘ಗ್ಯಾಸ್’ ಎಂದಷ್ಟೇ ಬರೆಯದೆ ‘ಆಪರೇಷನ್ನಿಗೆ ತುಂಬಿದ ಗಾಳಿ, ದಿನಾ ಕಮ್ಮಿಯಾಗಬೇಕು, ಜಾಸ್ತಿಯಾದರೆ ಅವತ್ತೇ ಬನ್ನಿ’ ಎಂದು ಕನ್ನಡದಲ್ಲಿ ಬರೆಯುವುದು ಚಿಕಿತ್ಸೆಯದೇ ಭಾಗ.