ವಿಮಾನದ ಬಿರುಸು ಇಳಿತವೂ ಅದರ ವಿಚಾರಣೆಯೂ

ಮಡಕಶಿರ ಸೀಮೆಯ ಹೇಮಾವತಿಯನ್ನು ನೋಡಿದವರು ಅಲ್ಲಿಯ ನೊಳಂಬರ ಕಾಲದ ಶಾಸನಗಳನ್ನೂ ಕಂಡಿರುವರು. ಕಲ್ಲು ಒಡೆದು ಅಕ್ಷರ ಸವೆದಿದ್ದರೆ ಶಾಸನತಜ್ಞನು ಮೊದಲು ಯಾರನ್ನೂ ದೂರುವುದಿಲ್ಲ. ಉಳಿದುದನ್ನು ಓದಿ, ಓದಿದುದಕ್ಕೆ ಆಧಾರವನ್ನು ಹುಡುಕುವನು. ಇದೇ ಕ್ರಮದಲ್ಲಿ ನಡೆಯುವ ಮತ್ತೊಂದು ಶೋಧನೆಯುಂಟು. ಅದು ಪೆಟ್ಟು ತಿಂದು ನೆಲಕ್ಕಿಳಿದ ಚಿಕ್ಕ ವಿಮಾನದ ವಿಚಾರಣೆ. ಅದರ ಸಂಗತಿಯನ್ನು ನಮ್ಮ ಉಪಾಧ್ಯಾಯ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದಿಡಬಯಸುತ್ತೇವೆ.

ವಿಮಾನವು ಇಳಿಯುವಾಗ ಮುಂದೋಟದ ವೇಗಕ್ಕಿಂತ ಕೆಳಮುಖದ ವೇಗವೇ ಅದರ ಕಾಲುಗಳಿಗೆ ಪೆಟ್ಟು ಕೊಡುವುದು. ಚಿಕ್ಕ ವಿಮಾನಗಳ ಚಕ್ರದ ಕಾಲುಗಳನ್ನು ಸೆಕೆಂಡಿಗೆ 7ರಿಂದ 10 ಅಡಿಯ ಕೆಳಮುಖ ವೇಗವನ್ನು ತಾಳುವಂತೆ ರಚಿಸುವುದು ಬಹುಕಾಲದ ವಾಡಿಕೆ. ಸುಮಾರು ಒಂದೂವರೆ ಅಡಿ ಎತ್ತರದಿಂದ ಕೈಬಿಟ್ಟ ಕಲ್ಲು ಸೆಕೆಂಡಿಗೆ 10 ಅಡಿಯ ವೇಗದಲ್ಲಿ ನೆಲವನ್ನು ಮುಟ್ಟುವುದೆಂದು ಲೆಕ್ಕ ಹಾಕಿದರೆ, ಈ ಮಿತಿ ಎಷ್ಟು ಕಿರಿದೆಂಬುದು ವಿದ್ಯಾರ್ಥಿಗಳಿಗೆ ತಿಳಿದೀತು. ಮೊದಲ ತಾಕಿನಲ್ಲಿ ವಿಮಾನ ಪುಟಿದೆದ್ದು, ಚಾಲಕನು ಗಾಬರಿಯಿಂದ ಮೂಗನ್ನು ತಗ್ಗಿಸಿದರೆ, ಎರಡನೆಯ ತಾಕು ಮುಂಚಕ್ರದ ಮೇಲೆ ಬೀಳುವುದು. ಕೆಡುಕು ಹೆಚ್ಚಾಗಿ ಅಲ್ಲಿಯೇ.

ವಿಚಾರಣೆಗೆ ಬಂದವರು ಓಟದ ಹಾದಿಯ ಮೇಲಿನ ಟೈರಿನ ಗುರುತುಗಳನ್ನು ಅಳೆಯುವರು. ಪ್ರೊಪೆಲ್ಲರಿನ ಅಲಗು ಬಾಗಿದೆಯೇ ಎಂದು ನೋಡುವರು. ತರಬೇತಿಯಲ್ಲಿ ಬಹುವಾಗಿ ಬಳಕೆಯಲ್ಲಿರುವ ಸೆಸ್ನಾ 172ರಲ್ಲಿ ಮುಂಚಕ್ರದ ಕಾಲು, ಎಂಜಿನ್ನಿಗೂ ಚಾಲಕನ ಕೋಣೆಗೂ ನಡುವಿನ ಲೋಹದ ಗೋಡೆಗೆ ಕೂಡಿಕೊಂಡಿದೆ. ಆ ತಗಡಿನ ಮೇಲೆ ಸುಕ್ಕು ಕಂಡರೆ, ಹೊರಗಿನ ಅಂದ ಎಷ್ಟಿದ್ದರೂ ವಿಮಾನವು ಪೆಟ್ಟು ತಿಂದಿತೆಂದು ತಿಳಿಯಬೇಕು.

ಬೆಂಗಳೂರಿನ ಎನ್.ಎ.ಎಲ್. ರೂಪಿಸಿ, 1993ರಲ್ಲಿ ಮೊದಲು ಹಾರಿದ ಎರಡು ಆಸನಗಳ 'ಹಂಸ' ವಿಮಾನದ ಮೈ ತಗಡಿನದಲ್ಲ. ನಾರನ್ನು ರಾಳದಲ್ಲಿ ಬೆಸೆದುದು. ಇಂಥ ಮೈ ಸುಕ್ಕುಗಟ್ಟದು. ಒಳಗೆ ಪದರ ಬಿಟ್ಟರೂ ಕಣ್ಣಿಗೆ ಕಾಣಿಸದಿರಬಹುದು. ಆದ್ದರಿಂದ ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ, ಪರೀಕ್ಷಕರು ಅದನ್ನು ಮೆಲ್ಲನೆ ತಟ್ಟಿ ನಾದವನ್ನು ಆಲಿಸುವುದುಂಟು. ಮಂದವಾದ ಸದ್ದು ಬಿರುಕಿನ ಸುಳಿವು. 1984ರಿಂದ 1993ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ ಅವರು. ನಮ್ಮ ಸೀಮೆಯ ರೊದ್ದಂ ಊರಿನ ಹೆಸರನ್ನು ಹೊತ್ತ ಆ ವಿಜ್ಞಾನಿಯನ್ನು ಇಲ್ಲಿ ನೆನೆಯುವುದು ಉಚಿತ.

ನಮ್ಮ ದೇಶದಲ್ಲಿ 1934ರ ವಿಮಾನ ಕಾಯಿದೆ ಮತ್ತು 1937ರ ನಿಯಮಗಳು ಅಪಘಾತದ ವಿಚಾರಣೆಗೆ ದಾರಿ ಹಾಕಿದವು. 1944ರ ಶಿಕಾಗೋ ಒಪ್ಪಂದವನ್ನು ಅನುಸರಿಸಿ 1951ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ವಿಧಿಗಳು ಕಾಲಕ್ರಮದಲ್ಲಿ ಬೆಳೆದು, ವಿಚಾರಣೆಯ ಗುರಿ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂದು ಸಾರಿದವು. 2012ರಲ್ಲಿ ಇದಕ್ಕೆಂದೇ ಪ್ರತ್ಯೇಕ ತನಿಖಾ ಮಂಡಲಿ ಸ್ಥಾಪಿತವಾಯಿತು. 1934ರ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ.

2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಮೀಪ ತರಬೇತಿಯ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿ ಉಳಿದರು. ಇಂಥದು ಯಾವ ಊರ ಹೊಲದಲ್ಲಾದರೂ ಸಂಭವಿಸಬಹುದು. ಆಗ ಜನರನ್ನು ಪಾರುಮಾಡುವುದು ಮೊದಲ ಧರ್ಮ. ಅದಾದ ಮೇಲೆ ಮುರಿದ ಚೂರುಗಳನ್ನು ಕದಲಿಸದೆ ಬಿಡುವುದು ಎರಡನೆಯದು. ಒಂದು ಚೂರು ಸ್ಥಳ ತಪ್ಪಿದರೆ ಶಾಸನದ ಒಂದು ಸಾಲು ಅಳಿದಂತೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಭಯದಿಂದ ಹುಟ್ಟುವುದು. ಬಿರುಸಾಗಿ ಇಳಿದ ಶಿಷ್ಯನು ಬೈಗುಳಕ್ಕೆ ಅಂಜಿ ಸುಮ್ಮನೆ ವಿಮಾನವನ್ನು ನಿಲ್ಲಿಸಿ ಹೋದರೆ, ಕಾಣದ ಆ ಬಿರುಕಿನೊಡನೆ ಮರುದಿನ ಹಾರುವವನು ಬೇರೊಬ್ಬ ಹುಡುಗ. ಮೊದಲನೆಯವನ ಮೌನಕ್ಕೆ ಎರಡನೆಯವನು ಬೆಲೆ ತೆರಬೇಕಾದೀತು. ನಮ್ಮ ಶಾಲೆಗಳಲ್ಲಿಯೂ ಲೆಕ್ಕ ತಪ್ಪಿದ ಹುಡುಗ ಬೆತ್ತಕ್ಕೆ ಹೆದರಿ ಹಲಗೆಯನ್ನು ಒರೆಸಿಬಿಟ್ಟರೆ, ತಪ್ಪಿದ್ದೆಲ್ಲಿ ಎಂಬುದು ಗುರುವಿಗೂ ತಿಳಿಯದು, ಹುಡುಗನಿಗೂ ತಿಳಿಯದು. ಒರೆಸದೆ ಹಲಗೆಯನ್ನು ತೋರಿಸುವ ಧೈರ್ಯವನ್ನು ಮಕ್ಕಳಿಗೆ ಕೊಡಬೇಕಾದವರು ಉಪಾಧ್ಯಾಯರಾದ ನಾವೇ.